ಎರಡು ಹೆಸರಿನ ಒಂದು ಮಾತ್ರೆ

ಗುಂಡ್ಲುಪೇಟೆ,
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಮಲ್ಲಾಜಿಗೆ,

ನಿನ್ನ ಮಂಡಿ ನೋವು ಹೇಗಿದೆ? ಆ ಮನೆಯಲ್ಲಿ ಬಚ್ಚಲು ಕೆಳಗೆ, ಬಾಣಂತಿ ಕೋಣೆ ಮೇಲೆ ಎಂದು ಕೇಳಿದ ದಿನದಿಂದ ನನಗೆ ಅದೇ ಯೋಚನೆ. ಬಿಸಿನೀರು ಹೊತ್ತು ಮೆಟ್ಟಿಲು ಹತ್ತುವ ಕೆಲಸ ನೀನು ಮಾಡಬೇಡ, ಅಳಿಯಂದಿರಿಗೂ ಎರಡು ಕೈ ಇವೆ. ಶಿವರಂಜಿನಿ ಚೆನ್ನಾಗಿ ಊಟ ಮಾಡುತ್ತಿದ್ದಾಳೆಯೇ? ಸತ್ಯಮಂಗಲದ ಸೆಕೆಗೆ ಮಗು ಹೊಂದಿಕೊಂಡಿತೇ? ಫೋನಿಗೆ ಕಳಿಸಿದ ಫೋಟೋ ನೋಡಿದೆ. ಕಿವಿಗಳು ನಿನ್ನವೇ. ಆಕಾರ ನಿನ್ನ ಕಡೆಯಿಂದ ಬಂದದ್ದು ಸರಿಯೇ, ಕೇಳಿಸುವುದು ಮಾತ್ರ ಬೇರೆ ಯಾರ ಕಡೆಯಿಂದಲಾದರೂ ಬರಲಿ. ಬೈಯಬೇಡ, ಇದನ್ನು ಓದುವಾಗ ನೀನು ನಗುತ್ತೀಯ ಎಂದು ಗೊತ್ತಿದ್ದೇ ಬರೆದೆ.

ನಾನು ಆರೋಗ್ಯವಾಗಿದ್ದೇನೆ. ಇದು ಕಾಗದದ ವಾಡಿಕೆಗೆ ಬರೆದ ಮಾತಲ್ಲ, ಡಾಕ್ಟರು ನೋಡಿ ಹೇಳಿದ್ದು. ಅವತ್ತು ಫೋನಿನಲ್ಲಿ ನಾನು ಅಷ್ಟು ಜೋರಾಗಿ ಕೂಗಿದ್ದಕ್ಕೆ ನೀನು ಇನ್ನೂ ಮುನಿಸಿಕೊಂಡಿದ್ದೀಯಂತೆ. ಮಗಳು ಹೇಳಿದಳು. ನಾನು 'ಎರಡೂ ಮಾತ್ರೆ ಬೇಡ, ಎರಡೂ ಮಾತ್ರೆ ಬೇಡ' ಎಂದು ಗಂಟಲು ಹರಿದುಕೊಂಡರೆ, ನೀನು 'ಬಾಣಂತಿ ಬುಟ್ಟು ನಾನ್ಯಾವ ಜಾತ್ರಗ ಓದೇನು' ಎಂದು ನನಗೇ ಗದರಿ ಫೋನು ಮಗಳ ಕೈಗೆ ಕೊಟ್ಟೆ. ಮಗಳಿಗೆ ಎಲ್ಲವನ್ನೂ ಹೇಳಿ ಹಸಿ ಬಾಣಂತಿಯನ್ನು ಹೆದರಿಸುವುದು ಬೇಡವೆಂದು ಅಳಿಯಂದಿರಿಗೆ ಮಾತ್ರ ವಿಷಯ ತಿಳಿಸಿ, ದೊರೆಸ್ವಾಮಿಯ ಈರುಳ್ಳಿ ಗಾಡಿಯಲ್ಲಿ ನಾನು ಕಳಿಸಿದ್ದ ನಿನ್ನ ಹೊಸ ಮಾತ್ರೆಗಳ ಪೊಟ್ಟಣವನ್ನು ಎತ್ತಿಡಲು ಹೇಳಿದೆ. ನೀನು ಆ ಪೊಟ್ಟಣ ಬಿಚ್ಚಿಯೇ ಇರಲಿಲ್ಲವೆಂದು ಅವರು ಹೇಳಿದಾಗ ನನಗೆ ಕೂರಬೇಕೆನ್ನಿಸಿತು, ಕೂತುಬಿಟ್ಟೆ. ಹಳೆಯದು ಮುಗಿಯದೆ ಹೊಸದು ತೆಗೆಯಬಾರದು ಎಂಬುದು ಉಪ್ಪಿನಕಾಯಿಯಿಂದ ಹಿಡಿದು ಸೋಪಿನವರೆಗೆ ನಿನ್ನ ಕಾನೂನು. ಈ ಸಲ ಆ ಕಾನೂನೇ ನಿನ್ನನ್ನು ಕಾಯಿತು. ನನ್ನನ್ನು ಕಾಯಲು ಮನೆಯಲ್ಲಿ ನೀನಿರಲಿಲ್ಲ. ಏನು ನಡೆಯಿತೆಂದು ಮೊದಲಿನಿಂದ ಬರೆಯುತ್ತೇನೆ, ನಿಧಾನವಾಗಿ ಓದು.

ಮಿಲ್ಲಿನಿಂದ ನಿವೃತ್ತರಾದವರಿಗೂ ಅವರ ಹೆಂಡಂದಿರಿಗೂ ನಂಜನಗೂಡಿನ ಡಿಸ್ಪೆನ್ಸರಿಯಲ್ಲಿ ಮಾತ್ರೆ ಕೊಡುತ್ತಿದ್ದರಲ್ಲ, ಅದನ್ನು ಮುಚ್ಚುವಾಗ ಮೂರು ತಿಂಗಳಿಗಾಗುವಷ್ಟನ್ನು ಒಟ್ಟಿಗೇ ಕೊಟ್ಟು ಕಳಿಸಿದ್ದು ನಿನಗೆ ನೆನಪಿದೆ. ಅದಾದ ಮೇಲೆ ನೀನು ಸತ್ಯಮಂಗಲಕ್ಕೆ ಹೋದೆ. ಶಿವರಂಜಿನಿ ಘಟ್ಟದ ತಿರುವಿನಲ್ಲಿ ಓಡಾಡಬಾರದು ಎಂದು ಅಲ್ಲಿಯ ಡಾಕ್ಟರು ಹೇಳದೇ ಇದ್ದಿದ್ದರೆ ಬಾಣಂತನ ಇಲ್ಲೇ ಆಗುತ್ತಿತ್ತು, ಈ ಕಥೆಯೂ ನಡೆಯುತ್ತಿರಲಿಲ್ಲ. ನೀನು ಹೋದ ಕೆಲವೇ ದಿನಕ್ಕೆ ಕಂಪನಿಯಿಂದ ಹೊಸ ವ್ಯವಸ್ಥೆ ಬಂತು. ಎಲ್ಲರಿಗೂ ಒಂದೊಂದು ಔಷಧಿ ಕಾರ್ಡು. ಅದನ್ನು ತೋರಿಸಿದರೆ ಚಾಮರಾಜನಗರದ ಒಂದು ಮೆಡಿಕಲ್ ಶಾಪಿನಲ್ಲಿ ತಿಂಗಳು ತಿಂಗಳು ಮಾತ್ರೆ. ನಂಜನಗೂಡಿಗೆ ಅಲೆಯುವುದು ತಪ್ಪಿತಲ್ಲ ಎಂದು ನನಗೆ ಸಂತೋಷವೇ ಆಯಿತು.

ಮೊದಲ ದಿನ ಅಂಗಡಿಯ ಮುಂದೆ ಎಷ್ಟು ಜನ! ಸ್ಪಿನ್ನಿಂಗಿನವರು, ಗೋದಾಮಿನವರು, ಗೇಟಿನವರು, ಎಲ್ಲರಿಗೂ ತಲೆ ಬೆಳ್ಳಗಾಗಿದೆ. ಸಂತೆಮರಹಳ್ಳಿಯಿಂದ ದೊಡ್ಡಮಾದಯ್ಯ ಬಂದಿದ್ದ. ಒಂದೇ ಶಿಫ್ಟಿನಲ್ಲಿ ಒಂದೇ ಮಗ್ಗುಲಲ್ಲಿ ನಿಂತು ಅಷ್ಟು ವರ್ಷ ನೂಲು ನೋಡಿದವರು ನಾವಿಬ್ಬರು, ಮಾತು ಶುರುವಾದರೆ ನಿಲ್ಲುತ್ತದೆಯೇ? ಅಂಗಡಿಯ ಹುಡುಗಿ, ನಾಗಲಕ್ಷ್ಮಿ ಎಂದು ಹೆಸರು, ಫಾರ್ಮಸಿ ಓದಿದವಳು, ಪ್ರತಿಯೊಬ್ಬರಿಗೂ ಏನೋ ಹೇಳಿ ಹೇಳಿ ಪೊಟ್ಟಣ ಕೊಡುತ್ತಿದ್ದಳು. ಆ ಗದ್ದಲದಲ್ಲಿ ಯಾರ ಕಿವಿಗೆ ಬಿತ್ತೋ ಯಾರ ಕಿವಿಗೆ ಇಲ್ಲವೋ. ನಾವಂತೂ ಸತ್ತವರ, ಬದುಕಿದವರ ಲೆಕ್ಕ ಹಾಕುವುದರಲ್ಲಿ ಮುಳುಗಿದ್ದೆವು.

ಅಲ್ಲಿ ನಿಮ್ಮಣ್ಣ ಮಾದಪ್ಪನವರೂ ಇದ್ದರು. ಇದನ್ನು ನಿನಗೆ ಆಗಲೇ ತಿಳಿಸಬೇಕಿತ್ತೇನೋ, ತಿಳಿಸಲಿಲ್ಲ. ಕಂಬದ ಹತ್ತಿರ ಒಬ್ಬರೇ ನಿಂತಿದ್ದರು. ಮುಷ್ಕರದ ವರ್ಷ ನಾವೆಲ್ಲ ಗೇಟಿನ ಹೊರಗೆ ಕೂತಿದ್ದಾಗ ತಲೆ ತಗ್ಗಿಸಿಕೊಂಡು ಒಳಗೆ ಹೋದ ಇವರಂಥವರ ಜೊತೆ ಹಳೆಯ ಜನ ಇವತ್ತಿಗೂ ಮಾತಾಡುವುದಿಲ್ಲ. ಇವರೂ ಯಾರ ಕಡೆಗೂ ತಿರುಗಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ನಿನ್ನ ಬಗ್ಗೆ ಕೇಳಬಹುದು ಎಂದುಕೊಂಡೆ. ಕೇಳಲಿಲ್ಲ. ಪೊಟ್ಟಣ ತೆಗೆದುಕೊಂಡು ಹರವೆ ಬಸ್ಸಿಗೆ ಹೋದರು.

ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ನೀನು ಹೋಗುವಾಗ 'ಹಸ್ರು ಗೆರೆ ಶೀಟು ಬೆಳಿಗ್ಗೆ, ಕೆಂಪಕ್ಷರದ್ದು ರಾತ್ರಿ' ಎಂದು ಪಾಠ ಹೇಳಿಕೊಟ್ಟಿದ್ದೆಯಲ್ಲ, ಆ ಹಸಿರು ಗೆರೆಯೂ ಇಲ್ಲ, ಕೆಂಪು ಅಕ್ಷರವೂ ಇಲ್ಲ. ಬರೀ ಬೆಳ್ಳಿ ಬಣ್ಣದ ಶೀಟುಗಳು, ಹೆಸರೇ ಬೇರೆ. ಕಂಪನಿ ಈ ವಯಸ್ಸಿನವರಿಗೆಂದು ಇನ್ನೂ ಎರಡು ಮಾತ್ರೆ ಸೇರಿಸಿದೆ ಎಂದು ನಾನು ತಿಳಿದೆ. ಡಬ್ಬಿಯಲ್ಲಿ ಹಳೆಯವು ಇನ್ನೂ ಬೇಕಾದಷ್ಟಿದ್ದವು. ಅವನ್ನೂ ನುಂಗಿದೆ, ಇವನ್ನೂ ನುಂಗಿದೆ. ಎಷ್ಟು ಶ್ರದ್ಧೆಯಿಂದ ನುಂಗಿದೆ ಎಂದರೆ ನೀನು ನೋಡಿದ್ದರೆ ಮೆಚ್ಚುತ್ತಿದ್ದೆ.

ಆಮೇಲೆ ಶುರುವಾಯಿತು. ಹಾಸಿಗೆಯಿಂದ ಎದ್ದರೆ ಗೋಡೆ ತಿರುಗುವುದು. ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಸದು. ನನ್ನ ಅಡುಗೆಯ ದೋಷ ಎಂದುಕೊಂಡು ಸಾರಿಗೆ ಹುಣಸೆ ಕಡಿಮೆ ಮಾಡಿದೆ. ಶ್ರಾವಣ ಸೋಮವಾರದ ಉಪವಾಸ ಎಂದುಕೊಂಡು ಉಪವಾಸ ಬಿಟ್ಟೆ. ಎದುರು ಮನೆಯ ಶಿವಮೂರ್ತಿಯ ತಾಯಿ ದೃಷ್ಟಿ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಅದಕ್ಕೂ ಕೂತೆ. ಒಂದು ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಚೆಂಡುಹೂವಿನ ಮೂಟೆಗಳ ಪಕ್ಕ ಬಗ್ಗಿ ಸೌತೆಕಾಯಿ ಆರಿಸಿ ಎದ್ದವನು ಹಾಗೆಯೇ ಮೂಟೆಯ ಮೇಲೆ ಉರುಳಿದೆ. ಹೂವಿನ ಮೇಲೆ ಬಿದ್ದದ್ದರಿಂದ ಪೆಟ್ಟಾಗಲಿಲ್ಲ. ಸೂರ್ಯಕಾಂತಿ ಹೊಲ ನೋಡಲು ಬಂದಿದ್ದ ಕೇರಳದವರು ಯಾರೋ ಕಾರಿನಿಂದ ಇಳಿದು ನೀರು ಕುಡಿಸಿ, ಮಲಯಾಳದಲ್ಲಿ ಏನೇನೋ ಸಮಾಧಾನ ಹೇಳಿ ಹೋದರು. ಆಗಲೂ ನನಗೆ ಮಾತ್ರೆಯ ಮೇಲೆ ಅನುಮಾನ ಬರಲಿಲ್ಲ. ಮಾತ್ರೆ ತಿಂದರೆ ಕಾಯಿಲೆ ವಾಸಿಯಾಗಬೇಕು, ಬರುವುದೆಲ್ಲಿಂದ?

ಅನುಮಾನ ಬಂದದ್ದು ದೊಡ್ಡಮಾದಯ್ಯ ಫೋನು ಮಾಡಿದಾಗ. ಬದುವಿನ ಮೇಲೆ ನಡೆಯುತ್ತಿದ್ದವನು ಅರಿಶಿನದ ಗದ್ದೆಯೊಳಕ್ಕೆ ಬಿದ್ದು ಮೊಣಕೈ ತರಚಿಕೊಂಡಿದ್ದನಂತೆ. ತಲೆ ತಿರುಗುತ್ತದೆ, ಪಾದ ಊದುತ್ತದೆ ಎಂದ. ಅವನು ಹೇಳಿದ್ದೆಲ್ಲ ನನ್ನ ಕಥೆಯೇ. ಇದು ಹೇಗೆ ಸಾಧ್ಯ ಎಂದು ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ರೇಡಿಯೋ ಕೆಟ್ಟರೆ ಬಿಚ್ಚದೆ ಬಿಡುವವನಲ್ಲ, ಮತ್ತೆ ಜೋಡಿಸಲು ಬಾರದಿದ್ದರೂ. ಮರುದಿನವೇ ಸಂತೆಮರಹಳ್ಳಿಗೆ ಹೋದೆ. ಇಬ್ಬರೂ ಅವನ ಜಗುಲಿಯಲ್ಲಿ ಕೂತು ಯೋಚಿಸಿದೆವು. ಅವನು ಕುಡಿಯುವ ನೀರು ಬೇರೆ, ನಾನು ಕುಡಿಯುವ ನೀರು ಬೇರೆ. ಅವನು ಬಾಡು ತಿನ್ನುವವನು, ನಾನು ತಿನ್ನದವನು. ಅವನಿಗೆ ಅಡುಗೆ ಮಾಡಿಕೊಡುವ ಸೊಸೆ ಇದ್ದಾಳೆ, ನನಗೆ ನಾನೇ. ಇಬ್ಬರಿಗೂ ಒಂದಾಗಿದ್ದದ್ದು ಮಿಲ್ಲು ಮಾತ್ರ, ಅದರಿಂದ ಹೊರಗೆ ಬಂದು ವರ್ಷಗಳಾದವು. ಆಗ ಅವನೇ ಒಳಗಿನಿಂದ ಮಾತ್ರೆ ಚೀಲ ತಂದು ಚಾಪೆಯ ಮೇಲೆ ಸುರಿದ. ಅಲ್ಲೂ ಹಸಿರು ಗೆರೆ ಒಂದು ಕಡೆ, ಬೆಳ್ಳಿ ಶೀಟು ಇನ್ನೊಂದು ಕಡೆ.

ಇಬ್ಬರೂ ಎರಡು ಚೀಲ ಹಿಡಿದು ಚಾಮರಾಜನಗರಕ್ಕೆ ಹೋದೆವು. ನಾಗಲಕ್ಷ್ಮಿ ಎರಡು ಶೀಟುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು, ದೊಡ್ಡ ಹೆಸರಿನ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ ತೋರಿಸಿದಳು. ಎರಡರಲ್ಲೂ ಒಂದೇ ಪದ. 'ಹೆಸ್ರು ಬೇರೆ ತಾತ, ಸಾಲ್ಟ್ ಒಂದೇ' ಎಂದಳು. ಸಾಲ್ಟ್ ಎಂದರೆ ಉಪ್ಪು ಎಂದು ಅಷ್ಟು ಇಂಗ್ಲಿಷು ದೊಡ್ಡಮಾದಯ್ಯನಿಗೂ ಬರುತ್ತದೆ. 'ಉಪ್ಪು ಕಮ್ಮಿ ತಿನ್ನು ಅಂದೋರೇ ಉಪ್ಪಿನ ಮಾತ್ರ ಕೊಟ್ಟವ್ರಾ?' ಎಂದು ಕೇಳಿದ. ಆ ಹುಡುಗಿಗೆ ನಗು ಬಂತು, ಆದರೆ ನಗಲಿಲ್ಲ, ಮುಖ ಸಣ್ಣದಾಗಿತ್ತು. ಆಮೇಲೆ ವಿವರಿಸಿದಳು. ಮಾತ್ರೆಯೊಳಗಿನ ನಿಜವಾದ ಔಷಧಿಗೆ ಒಂದು ಹೆಸರು, ಅದನ್ನು ತಯಾರಿಸುವ ಒಂದೊಂದು ಕಂಪನಿ ಇಟ್ಟುಕೊಳ್ಳುವ ಹೆಸರು ಇನ್ನೊಂದು. ಒಬ್ಬನೇ ಮನುಷ್ಯನನ್ನು ಊರಿನಲ್ಲಿ ಒಂದು ಹೆಸರಿನಿಂದ, ಮಿಲ್ಲಿನಲ್ಲಿ ಇನ್ನೊಂದು ಹೆಸರಿನಿಂದ ಕರೆಯುವುದಿಲ್ಲವೇ, ಹಾಗೆ. ಹೊಸ ಕಾರ್ಡಿನಲ್ಲಿ ಹಳೆಯ ಹೆಸರಿನದು ಸಿಗುವುದಿಲ್ಲ, ಅದರ ಬದಲಿಗೆ ಇದು. ಅದರ ಜೊತೆಗೆ ಅಲ್ಲ. ನಾವಿಬ್ಬರೂ ಬಿ.ಪಿ. ಮಾತ್ರೆಯನ್ನು ದುಪ್ಪಟ್ಟು ನುಂಗುತ್ತಿದ್ದೆವು. ಮೊದಲ ದಿನವೇ ಅವಳು ಎಲ್ಲರಿಗೂ ಹೇಳಿದ್ದಳಂತೆ. ಹೇಳಿದ್ದಳು, ನಿಜ. ನಾವು ಕೇಳಿಸಿಕೊಂಡಿರಲಿಲ್ಲ. ತಕ್ಷಣ ತನಗೆ ಗೊತ್ತಿದ್ದ ಡಾಕ್ಟರ ಹತ್ತಿರ ಕಳಿಸಿದಳು. ಅವರು ಬಿ.ಪಿ. ನೋಡಿ, ಹಳೆಯದನ್ನು ನಿಲ್ಲಿಸಿ, ಸದ್ಯ ಬಚಾವಾದಿರಿ ಎಂದರು. ಅಲ್ಲಿಂದಲೇ ನಿನಗೆ ಫೋನು ಮಾಡಿ ಕೂಗಿದ್ದು.

ಅಂಗಡಿಗೆ ವಾಪಸು ಬಂದಾಗ ನಾಗಲಕ್ಷ್ಮಿ ಇನ್ನೊಂದು ಮಾತು ಹೇಳಿದಳು. ಬಿ.ಪಿ.ಯವರಿಗಾದರೆ ತಲೆ ತಿರುಗುತ್ತದೆ, ಸಕ್ಕರೆ ಕಾಯಿಲೆಯವರು ಹೀಗೆ ದುಪ್ಪಟ್ಟು ನುಂಗಿದರೆ ಮೈಯಲ್ಲಿರುವ ಸಕ್ಕರೆಯೆಲ್ಲ ಇಳಿದುಹೋಗುತ್ತದೆ, ಬೆವರುತ್ತಾರೆ, ಏನೇನೋ ಮಾತಾಡುತ್ತಾರೆ, ಎಚ್ಚರ ತಪ್ಪಿದರೆ ಜೀವಕ್ಕೇ ಅಪಾಯ. ನಾವು ಅಲ್ಲೇ ನಿಂತು, ಮಿಲ್ಲಿನವರ ವಾಟ್ಸಾಪ್ ಗುಂಪಿನಲ್ಲಿದ್ದ ಎಲ್ಲ ಹಳಬರಿಗೂ ಒಬ್ಬೊಬ್ಬರಾಗಿ ಫೋನು ಮಾಡಿದೆವು. ಕೆಲವರು ಬೈದರು, ಕೆಲವರು ನಕ್ಕರು, ಕೊನೆಗೆ ಎಲ್ಲರೂ ಡಬ್ಬಿ ನೋಡಿಕೊಂಡರು. ಸಕ್ಕರೆ ಮಾತ್ರೆ ಒಯ್ದವರಲ್ಲಿ ಒಬ್ಬರ ನಂಬರು ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಅಂಗಡಿಯಲ್ಲಿ ಅವರು ಕೊಟ್ಟಿದ್ದ ನಂಬರು ಹತ್ತುತ್ತಿರಲಿಲ್ಲ. ಅವರನ್ನು ನಮ್ಮ ಗುಂಪಿಗೆ ಯಾರೂ ಸೇರಿಸಿಯೇ ಇರಲಿಲ್ಲ. ಯಾರೆಂದು ನಾನು ಬರೆಯಬೇಕಾಗಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಿಂತು, ಹರವೆಗೆ ನೀನೂ ಬಾ ಎಂದು ದೊಡ್ಡಮಾದಯ್ಯನನ್ನು ಕರೆದೆ. ಮುಷ್ಕರದ ವರ್ಷ ಅವನ ಕೆಲಸವೇ ಹೋಗಿ, ಮತ್ತೆ ಸೇರಿಸಿಕೊಳ್ಳುವ ಹೊತ್ತಿಗೆ ಅವನ ಮಗಳ ಓದು ನಿಂತಿತ್ತು. ಅದು ನಿನಗೂ ಗೊತ್ತಿರುವ ವಿಷಯ. ಅವನು ತಲೆ ಅಲ್ಲಾಡಿಸಿದ. 'ಅವ್ನ ಮನ ವಸ್ಲ ನಾ ತುಳಿಯಾಕಿಲ್ಲ. ನಿಂಗ ನೆಂಟ, ನೀ ಓಗು' ಎಂದು ಸಂತೆಮರಹಳ್ಳಿ ಬಸ್ಸು ಹತ್ತಿದ. ನಾನು ಹರವೆ ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ ನಿನ್ನದೇ ಯೋಚನೆ. ನಾನು ಆ ಮನೆಗೆ ಹೋದರೆ ನಿನಗೆ ಸಿಟ್ಟು ಬರುತ್ತದೆಯೋ, ಹೋಗದಿದ್ದರೆ ಸಿಟ್ಟು ಬರುತ್ತದೆಯೋ ಎಂದು ಗೊತ್ತಾಗಲಿಲ್ಲ. ಗೌರಿ ಹಬ್ಬಕ್ಕೆ ತೌರಿನಿಂದ ಬಾಗಿನ ಬರುವುದು ನಿಂತ ವರ್ಷ ನೀನು ತಲೆ ಎತ್ತದೆ ಹೂರಣ ರುಬ್ಬುತ್ತಿದ್ದದ್ದು ಕಣ್ಣ ಮುಂದೆ ಬಂತು. ಇಳಿಯುವ ಹೊತ್ತಿಗೆ, ಸಿಟ್ಟಾದರೆ ಆಗಲಿ ಎನ್ನಿಸಿತು.

ಬಾಗಿಲು ತೆಗೆದದ್ದು ಅವರ ಸೊಸೆ ಶಶಿರೇಖಾ. ಮದುವೆಯಲ್ಲೂ ನಾವು ನೋಡದ ಹುಡುಗಿ. ಹೆಸರು ಹೇಳಿದ ಕೂಡಲೇ 'ಬನ್ನಿ ಮಾವ' ಎಂದಳು, ನೋಡು, ನಿನ್ನೆ ಮೊನ್ನೆ ಬಂದು ಹೋದವನನ್ನು ಕರೆದ ಹಾಗೆ. ಅಂದರೆ ಆ ಮನೆಯಲ್ಲಿ ನಮ್ಮ ಹೆಸರು ಆಡುತ್ತಿದ್ದರು ಎಂದಾಯಿತು. ಯಾರು ಆಡುತ್ತಿದ್ದರು, ಏನೆಂದು ಆಡುತ್ತಿದ್ದರು ಎಂದು ಕೇಳಬೇಕೆನ್ನಿಸಿತು, ಆದರೆ ಅದಕ್ಕೆ ಹೊತ್ತಿರಲಿಲ್ಲ. ಭಾವ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಬನಿಯನ್ನು ಬೆವರಿನಿಂದ ಒದ್ದೆ, ಕೈ ನಡುಗುತ್ತಿತ್ತು. ನನ್ನನ್ನು ನೋಡಿದ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. 'ಶಿಫ್ಟಿಗ ವತ್ತಾಯ್ತು, ಬುತ್ತಿ ಕಟ್ಟಿಲ್ವಾ' ಎಂದು ಯಾರನ್ನೋ ಕೇಳುತ್ತಿದ್ದರು. ಹೊಸ ಮಾತ್ರೆ ಬಂದ ಮೇಲೆ ದಿನವೂ ಊಟಕ್ಕೆ ಮುಂಚೆ ಹೀಗೆಯೇ ಮಂಕಾಗುತ್ತಾರೆ, ಊಟ ಮಾಡಿದ ಮೇಲೆ ಸರಿಹೋಗುತ್ತಾರೆ ಎಂದು ಶಶಿರೇಖಾ ಹೇಳಿದಳು. ಇವತ್ತು ಬೆಳಗಿನಿಂದ ಏನೂ ತಿಂದಿಲ್ಲ, ತಟ್ಟೆ ತಳ್ಳುತ್ತಾರೆ. ವಯಸ್ಸಿನ ಅರಳುಮರಳು ಎಂದು ಊರಿನವರೂ ಹೇಳಿದ್ದರಿಂದ ಮನೆಯವರು ಅದನ್ನೇ ನಂಬಿದ್ದರು. ಅವಳ ಗಂಡ ಬದನಗುಪ್ಪೆಯ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ.

ಒಂದು ಲೋಟ ನೀರಿಗೆ ಸಕ್ಕರೆ ಹಾಕಿ ತಾ ಎಂದೆ. ಅವಳು ಕದಲಲಿಲ್ಲ. 'ಮಾವ, ಸುಗರ್ ಇರೋರ್ಗ ಸಕ್ಕರ ಕೊಡದಾ?' ಎಂದಳು. ಅವಳದು ತಪ್ಪಲ್ಲ. ವರ್ಷಗಳಿಂದ ಮಾತು ಬಿಟ್ಟ ನೆಂಟ ಇದ್ದಕ್ಕಿದ್ದ ಹಾಗೆ ಬಂದು ಮಾವನಿಗೆ ಸಕ್ಕರೆ ಕುಡಿಸು ಎಂದರೆ ಯಾವ ಸೊಸೆ ಕುಡಿಸುತ್ತಾಳೆ? ಕುಡಿಸಿ ಏನಾದರೂ ಹೆಚ್ಚುಕಡಿಮೆಯಾದರೆ ಹರವೆಯಲ್ಲಿ ಯಾರೂ ನನ್ನನ್ನು ನಂಬುವುದಿಲ್ಲ, ನಿನಗೆ ನಾನು ಏನೆಂದು ಮುಖ ತೋರಿಸಲಿ? ನಾಗಲಕ್ಷ್ಮಿಗೆ ಫೋನು ಹಚ್ಚಿ ಶಶಿರೇಖಾಳ ಕೈಗೆ ಕೊಟ್ಟೆ. 'ಮಾತಾಡ್ತಿದ್ದಾರಾ? ನುಂಗ್ತಾರಾ? ಹಾಗಾದ್ರೆ ಈಗಲೇ ಕೊಡಿ ಅಕ್ಕ, ಆಮೇಲೆ ಆಸ್ಪತ್ರೆಗೆ ಕರಕೊಂಡು ಬನ್ನಿ. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡಿ' ಎಂದು ಅವಳು ಹೇಳಿದ್ದು ನನಗೂ ಕೇಳಿಸಿತು. ಶಶಿರೇಖಾ ಒಳಗೆ ಓಡಿದಳು.

ಲೋಟ ನಾನೇ ಹಿಡಿದೆ. ಮೊದಲ ಗುಟುಕು ಉಗಿದರು, ನನ್ನ ಅಂಗಿಯ ಮೇಲೆ. ಎರಡನೆಯದು ಒಳಗೆ ಹೋಯಿತು. ಲೋಟ ಖಾಲಿಯಾದ ಮೇಲೆ ನಾವಿಬ್ಬರೂ ಅವರ ಮುಖ ನೋಡುತ್ತ ಕೂತೆವು. ಮಲ್ಲಾಜಿ, ಆ ಹೊತ್ತನ್ನು ನಾನು ಏನೆಂದು ಬರೆಯಲಿ. ಮೊದಲು ಕೈ ನಡುಕ ನಿಂತಿತು. ಆಮೇಲೆ ಹಣೆ ಒಣಗಿತು. ಆಮೇಲೆ ಕಣ್ಣಿನೊಳಗೆ ಮನುಷ್ಯ ಬಂದ, ಹೀಗೆ ಹೇಳಿದರೆ ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ನನ್ನನ್ನು ದಿಟ್ಟಿಸಿ ನೋಡಿ, 'ಮುರ್ತಿಂಜಯ, ಯಾವಾಗ ಬಂದ? ಉಂಡ್ಯಾ?' ಎಂದರು. ಅಷ್ಟೇ. ನಡುವೆ ಅಷ್ಟು ವರ್ಷ ಕಳೆದೇ ಇಲ್ಲವೇನೋ ಎಂಬಂತೆ. ಶಶಿರೇಖಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆ ಮನೆಗೆ ಹೋದಳು. ನಾನು ಇಲ್ಲ ಭಾವ, ಉಂಡಿಲ್ಲ ಎಂದೆ.

ಆಟೋದಲ್ಲಿ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ಮಾತ್ರೆಯ ಪ್ರಭಾವ ಬೇಗ ಇಳಿಯುವುದಿಲ್ಲ, ಸಕ್ಕರೆ ಮತ್ತೆ ಕುಸಿಯಬಹುದು ಎಂದು ಅವರನ್ನು ಅಲ್ಲೇ ಉಳಿಸಿಕೊಂಡು ಕೈಗೆ ಗ್ಲೂಕೋಸು ಹಾಕಿದರು. ಒಂದೆರಡು ದಿನ ನಾನೂ ಅಲ್ಲೇ ಇದ್ದೆ. ನಾವು ಹೆಚ್ಚು ಮಾತಾಡಲಿಲ್ಲ. ಇಬ್ಬರಿಗೂ ಅಭ್ಯಾಸ ತಪ್ಪಿಹೋಗಿದೆ. ಆದರೆ ಒಮ್ಮೆ ಮೇಲೆ ಫ್ಯಾನು ನೋಡುತ್ತ, 'ಮಲ್ಲಾಜಿಗ ಬಲಗಿವಿಲಾದ್ರೂ ಕೇಳ್ತದಾ?' ಎಂದರು. ಬಲಗಿವಿ ಎಂದರು ಮಲ್ಲಾಜಿ. ಎಡಗಿವಿ ಪೂರ್ತಿ ಹೋಗಿದೆ ಎಂಬುದು ಇವರಿಗೆ ಹೇಗೆ ಗೊತ್ತು? ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಗುಂಡ್ಲುಪೇಟೆಯಲ್ಲಿ ನಾವು ಹೋಗುವ ಗಿರಣಿಯ ಶಿವಮಲ್ಲು ಇದ್ದಾನಲ್ಲ, ಅವನ ಹೆಂಡತಿಯ ತೌರು ಹರವೆ. ಅವಳು ಬಂದಾಗಲೆಲ್ಲ ಇವರು ಆ ದಾರಿಯಲ್ಲಿ ಸುಮ್ಮನೆ ಹಾದುಹೋಗುವ ಹಾಗೆ ಹೋಗಿ ನಿನ್ನ ವಿಚಾರ ಕೇಳಿಕೊಂಡು ಬರುತ್ತಿದ್ದರಂತೆ. ಮೊಮ್ಮಗಳು ಹುಟ್ಟಿದ್ದೂ ಗೊತ್ತಿತ್ತು. ಮುಷ್ಕರದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಎತ್ತಬೇಕಾದ ದಿನ ಬಂದರೆ ಎತ್ತೋಣ.

ಆಸ್ಪತ್ರೆಯಿಂದ ಬಿಡುವ ದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ದೊಡ್ಡಮಾದಯ್ಯ ನಿಂತಿದ್ದ, ಕೈಯಲ್ಲಿ ಅಂಬಲಿ ತುಂಬಿದ, ಹಿಡಿಕೆಯಿರುವ ತೂಕು ಪಾತ್ರೆ. ನಾನು ಬಾಯಿ ಬಿಡುವ ಮೊದಲೇ ಹೇಳಿದ: 'ಸಿಟ್ಟು ಇನ್ನೂ ಅದ ಕಣಪ್ಪ. ಸಿಟ್ಟು ಇರ್ಬೇಕಾದ್ರ ಅವ್ನೂ ಇರ್ಬೇಕಲ್ಲ.' ಒಳಗೆ ಬಂದು ಪಾತ್ರೆ ಮೇಜಿನ ಮೇಲಿಟ್ಟ. ಭಾವ ಎದ್ದು ಕೂತರು. ಅಂಬಲಿ ಕುಡಿದರು, ಕುಡಿದು ಮುಗಿಸುವವರೆಗೆ ಇವನು ಕಾದಿದ್ದು ಪಾತ್ರೆ ತೊಳೆದುಕೊಂಡು ಹೋದ. ನನಗೆ ಅಷ್ಟೇ ಸಾಕೆನ್ನಿಸಿತು.

ಕಂಪನಿಯ ವಿಷಯವನ್ನೂ ತಿಳಿಸಿಬಿಡುತ್ತೇನೆ. ನಾವು ಹತ್ತಾರು ಜನ ಸೇರಿ ದೂರು ಹೇಳಿದ ಮೇಲೆ ಕಳೆದ ವಾರ ಒಬ್ಬ ಅಧಿಕಾರಿ ಅಂಗಡಿಗೇ ಬಂದರು. ಇನ್ನೂ ಚಿಕ್ಕ ವಯಸ್ಸು, ಒಳ್ಳೆಯವರೇ. ಹೆಸರು ಯಾಕೆ ಬದಲಾಯಿತು ಎಂದು ಕೇಳಿದೆ. ಕಡಿಮೆ ಬೆಲೆಯ ಹೆಸರಿನದನ್ನು ಕೊಟ್ಟರೆ ಅದೇ ಹಣದಲ್ಲಿ ಇನ್ನೂ ಕೆಲವು ಕಾಯಿಲೆಗಳ ಮಾತ್ರೆಯನ್ನು ಕಾರ್ಡಿಗೆ ಸೇರಿಸಬಹುದು ಎಂದರು. ಔಷಧಿ ಒಂದೇ ಆದಾಗ ಅದು ನ್ಯಾಯವೇ ಎನ್ನಿಸಿತು. ಮಾತ್ರೆಯ ಜೊತೆ ಚೀಟಿ ಕೊಟ್ಟಿದ್ದೆವು, ನೀವು ಓದಬೇಕಿತ್ತು ಎಂದೂ ಅಂದರು. ಆಗ ದೊಡ್ಡಮಾದಯ್ಯ ಜೇಬಿನಿಂದ ಆ ಇಂಗ್ಲಿಷ್ ಚೀಟಿ ತೆಗೆದು, 'ನೀವೇ ಓದಿ ಸೋಮಿ, ಕನ್ನಡಕ ಆಕ್ದೆ' ಎಂದು ಅವರ ಕೈಗೆ ಕೊಟ್ಟ. ಅವರು ಕಣ್ಣು ಕಿರಿದು ಮಾಡಿ ನೋಡಿ, ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, ಇನ್ನು ಮೇಲೆ ಪೊಟ್ಟಣದ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ 'ಇದು ಹಳೆಯದರ ಬದಲಿಗೆ, ಹಳೆಯದನ್ನು ನಿಲ್ಲಿಸಿ' ಎಂದು ಹಳೆಯ ಹೆಸರಿನ ಸಮೇತ ಅಚ್ಚು ಹಾಕಿಸುತ್ತೇವೆ ಎಂದರು. ಅಚ್ಚಾಗಿ ಬರುವವರೆಗೆ ನಾಗಲಕ್ಷ್ಮಿ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದಾಳೆ, ಹಾಗೂ ಪ್ರತಿಯೊಬ್ಬರ ಬಾಯಿಂದ ಒಮ್ಮೆ ಹೇಳಿಸಿಯೇ ಬಿಡುತ್ತಾಳೆ. ಮನೆಗೇ ತಲುಪಿಸಿ ಎಂದು ಕೇಳಿದ್ದಕ್ಕೆ ಆಗುವುದಿಲ್ಲ ಎಂದರು. ಆಗದಿದ್ದರೂ ಚಿಂತೆಯಿಲ್ಲ, ತಿಂಗಳಿಗೊಮ್ಮೆ ಹಳಬರ ಮುಖ ನೋಡಿದ ಹಾಗಾಗುತ್ತದೆ. ಕೊನೆಗೆ ನನಗೆ ಬೇಕಾಗಿದ್ದ ಒಂದು ಪ್ರಶ್ನೆ ಕೇಳಿದೆ. ನಾನು ಹೋದ ಮೇಲೂ ನಿನಗೆ ಮಾತ್ರೆ ಬರುತ್ತದೆಯೇ ಎಂದು. ನೀನು ಇರುವವರೆಗೂ ಬರುತ್ತದಂತೆ. ಬಾಯಿಮಾತು ಸಾಲದು, ಬರೆದು ಕೊಡಿ ಎಂದಿದ್ದೇನೆ. ಇದನ್ನು ಓದಿ ಕಣ್ಣು ಒದ್ದೆ ಮಾಡಿಕೊಳ್ಳಬೇಡ, ನಾನು ಎಲ್ಲಿಗೂ ಹೊರಟಿಲ್ಲ, ಗೊತ್ತಿರಲಿ ಎಂದು ಕೇಳಿದ್ದು.

ಈಗ ನನಗೆ ಹೊಸ ಹುಚ್ಚು ಹಿಡಿದಿದೆ. ಮನೆಯಲ್ಲಿರುವ ಮುಲಾಮು, ಕೆಮ್ಮಿನ ಔಷಧಿ, ನಿನ್ನ ಕಣ್ಣಿನ ಹನಿ, ಎಲ್ಲದರ ಸಣ್ಣ ಅಕ್ಷರವನ್ನೂ ಭೂತಗನ್ನಡಿ ಹಿಡಿದು ಓದುತ್ತೇನೆ. ಓದಿದ ಹಾಗೆಲ್ಲ, ಎಷ್ಟು ವರ್ಷ ಏನು ಕೊಟ್ಟರೂ ಕಣ್ಣು ಮುಚ್ಚಿ ನುಂಗಿದ್ದೆನಲ್ಲ ಎಂದು ಆಶ್ಚರ್ಯವಾಗುತ್ತದೆ. ನೀನು ಕೊಡುತ್ತಿದ್ದೆ, ಅದಕ್ಕೇ ನುಂಗುತ್ತಿದ್ದೆ. ಮಾತ್ರೆಯ ನಡುವೆ ಗೀಟು ಯಾಕಿರುತ್ತದೆ ಗೊತ್ತೇ? ಅರ್ಧ ಮಾಡಲು. ಗೀಟು ಇಲ್ಲದ್ದನ್ನು ಕೇಳದೆ ಮುರಿಯಬಾರದಂತೆ. ನೀನು ನನಗೆ ರಾತ್ರಿಯ ಮಾತ್ರೆಯನ್ನು ಅಡಕೆ ಕತ್ತರಿಯಲ್ಲಿ ಮುರಿದು ಕೊಡುತ್ತಿದ್ದೆಯಲ್ಲ, ಅದರಲ್ಲಿ ಗೀಟು ಇದೆಯೋ ಎಂದು ಮೊದಲು ಅದನ್ನೇ ನೋಡಿದೆ. ಇದೆ. ನೀನು ಗೆದ್ದೆ.

ಶಿವರಂಜಿನಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಮಗುವಿಗೆ ತಾತ ಮುದ್ದು ಕೊಟ್ಟನೆಂದು ಆ ಕಿವಿಯಲ್ಲಿ ಹೇಳು. ಮಹದೇಶ್ವರ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ. ಮೆಟ್ಟಿಲ ವಿಷಯ ಮರೆಯಬೇಡ.

ಇಂತು ನಿನ್ನ,
ಮೃತ್ಯುಂಜಯ

ಮತ್ತೆ: ದೊರೆಸ್ವಾಮಿ ಈ ಕಾಗದ ಒಯ್ಯಲು ಬಂದು ಗಾಡಿಯಲ್ಲಿ ಕೂತೇ ಹಾರನ್ನು ಹೊಡೆಯುತ್ತಿದ್ದಾನೆ, ಕತ್ತಲಾಗುವುದರೊಳಗೆ ಘಟ್ಟ ಇಳಿಯಬೇಕಂತೆ. ಬರೆಯಬೇಕಾಗಿದ್ದದ್ದೇ ಉಳಿದುಹೋಯಿತು. ನಿಮ್ಮಣ್ಣ ಬೆಳಿಗ್ಗೆ ಹರವೆಯಿಂದ ತಾವಾಗಿಯೇ ಬಂದು ನಮ್ಮ ಜಗುಲಿಯಲ್ಲಿ ಕೂತಿದ್ದಾರೆ. ಬರುವ ಭಾನುವಾರ ಅವರನ್ನು ಕರೆದುಕೊಂಡು ಸತ್ಯಮಂಗಲಕ್ಕೆ ಬರಬೇಕೆಂದಿದ್ದೇನೆ, ಡಾಕ್ಟರು ಆಗಬಹುದು ಎಂದಿದ್ದಾರೆ. ಬೇಡವೆನ್ನಿಸಿದರೆ ಅಳಿಯಂದಿರಿಂದ ಒಂದು ಫೋನು ಮಾಡಿಸು, ನಾನೊಬ್ಬನೇ ಬರುತ್ತೇನೆ, ಯಾಕೆಂದು ಕೇಳುವುದಿಲ್ಲ. ನಾನು ಕಾಗದ ಬರೆಯುತ್ತಿರುವಷ್ಟು ಹೊತ್ತೂ ಅವರು, ಮಗುವಿಗೆ ನಿಮ್ಮವ್ವನ ಹೆಸರಿಡಲು ಆಗುತ್ತದೆಯೇ ಎಂದು ಬರೆದು ಕೇಳು ಎಂದು ಪೀಡಿಸುತ್ತಿದ್ದಾರೆ. ಈ ಕಾಲದಲ್ಲಿ ಮಂಚಮ್ಮ ಎಂದರೆ ಶಿವರಂಜಿನಿ ನಮ್ಮಿಬ್ಬರನ್ನೂ ಬಾಗಿಲಿನಿಂದಲೇ ಕಳಿಸುತ್ತಾಳೆ. ನಾನು ಬರೆಯುವುದಿಲ್ಲ ಭಾವ, ತಂಗಿಯನ್ನು ನೀವೇ ಕೇಳಿ ಎಂದೆ. 'ಯಾವ ಕಿವಿ ಕಡಿಂದ ಕೇಳ್ಬೇಕು, ಅದ್ನಾದ್ರೂ ಯೋಳು' ಎಂದರು. ಬಲಗಡೆ ಎಂದು ಹೇಳಿಕೊಟ್ಟಿದ್ದೇನೆ.